ಬಿಸಿಲೇರಿದ ಮೇಲೆ ಹಿಮ ಬೇರೆ

ಏಪ್ರಿಲ್ ಬಂತೆಂದರೆ ಬೆಂಗಳೂರಿನಿಂದ ಚಂಡೀಗಢ, ಡೆಹ್ರಾಡೂನ್ ಕಡೆ ಹೊರಡುವವರ ಸಾಲು ಶುರುವಾಗುತ್ತದೆ. ಮಕ್ಕಳಿಗೆ ಬೇಸಿಗೆ ರಜೆ, ಐಟಿ ಕಂಪನಿಯವರಿಗೆ ವರ್ಷವಿಡೀ ಉಳಿಸಿಟ್ಟ ರಜೆ, ಹಿರಿಯರಿಗೆ ಕೇದಾರ-ಬದರಿಯ ಬಾಗಿಲು ತೆರೆಯುವ ಕಾಲ. ಇಲ್ಲಿನ ಸೆಕೆ ತಾಳಲಾರದೆ ಅಲ್ಲಿಯ ತಂಪಿಗೆ ಹೋಗುವವರ ಕಣ್ಣಿಗೆ ಹಿಮಾಲಯದ ಈ ಋತು ಬಲು ಸೌಮ್ಯ. ಕೊರೆಯುವ ಚಳಿ ಮುಗಿದಿದೆ, ಆಕಾಶ ನಿಚ್ಚಳ, ಹಗಲಿಡೀ ಬಿಸಿಲು, ಕಾಲ ಕೆಳಗೆ ಇನ್ನೂ ಆಳುದ್ದ ಹಿಮ. ಫೋಟೊಗೆ ಇನ್ನೇನು ಬೇಕು?

ಇಂಥವರಿಗೆ ಒಂದೇ ದೂರು. ಹಿಮಾಚಲದ ಪಾರ್ವತಿ ಕಣಿವೆಯ ಸರ್ ಪಾಸ್‌ನಂಥ ಕಡೆ ಹಿಮದ ಕಣಿವೆ ದಾಟುವ ದಿನ ಗೈಡುಗಳು ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಬ್ಬಿಸಿಬಿಡುತ್ತಾರೆ. ಕತ್ತಲಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡು, ಮರಗಟ್ಟಿದ ಬೆರಳಲ್ಲಿ ಶೂ ಲೇಸು ಬಿಗಿದು, ಅರ್ಧ ಲೋಟ ಚಹಾ ಕುಡಿದು ಹೊರಡಬೇಕು. ಆರಾಮಾಗಿ ತಿಂಡಿ ತಿಂದು ಎಂಟಕ್ಕೆ ಹೊರಟರೆ ಏನು ಗಂಟು ಹೋಗುತ್ತದೆ ಎಂದು ಕೇಳಿದರೆ ಗೈಡಿನ ಉತ್ತರ ಚಿಕ್ಕದು: ಬಿಸಿಲು ಬಂದರೆ ಬರ್ಫ್ ಕೆಡುತ್ತದೆ.

ಆ ಮಾತಿನ ಹಿಂದೆ ದೊಡ್ಡ ವಿಜ್ಞಾನವೇ ಇದೆ. ಬೆಳಿಗ್ಗೆ ಆರಕ್ಕೆ ಬೂಟಿನ ತುದಿಯೂ ಇಳಿಯದಷ್ಟು ಗಟ್ಟಿಯಾಗಿದ್ದ ಇಳಿಜಾರು ಮಧ್ಯಾಹ್ನ ಒಂದಕ್ಕೆ ಮನುಷ್ಯರನ್ನು ಎಳೆದೊಯ್ಯುವಷ್ಟು ಸಡಿಲವಾಗಬಹುದು. ಇಳಿಜಾರು ಅದೇ, ಹಿಮವೂ ಅದೇ. ಬದಲಾದದ್ದು ಗಡಿಯಾರ ಮಾತ್ರ. ವಸಂತದ ಹಿಮದಲ್ಲಿ ಎಲ್ಲಿ ಹೋಗುತ್ತೀರಿ ಎಂಬುದರಷ್ಟೇ ಎಷ್ಟು ಹೊತ್ತಿಗೆ ಹೋಗುತ್ತೀರಿ ಎಂಬುದೂ ಮುಖ್ಯ.

ಇದು ಅರ್ಥವಾಗಬೇಕಾದರೆ ಮೊದಲು ಚಳಿಗಾಲದ ಹಿಮವನ್ನು ನೋಡಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮೆಡಿಟರೇನಿಯನ್ ಕಡೆಯಿಂದ ಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ಮಾರುತಗಳು ಒಂದರ ಹಿಂದೊಂದು ಹಿಮ ಸುರಿಸಿ ಹೋಗುತ್ತವೆ. ಪ್ರತಿ ಸಲ ಬಿದ್ದದ್ದು ಒಂದೊಂದು ಪದರ. ಗಾಳಿ ಬೀಸಿ ಬಿಗಿದ ಪದರ, ನಡುವೆ ಬಿಸಿಲು ಬಿದ್ದು ಮೇಲ್ಮೈ ಕರಗಿ ಹೆಪ್ಪುಗಟ್ಟಿದ ಪದರ, ಅದರ ಮೇಲೆ ಇನ್ನೂ ಕೂಡಿಕೊಳ್ಳದ ಹೊಸ ಪದರ. ನೆಲದ ಹತ್ತಿರ ಉಷ್ಣತೆ ಸೊನ್ನೆಯ ಆಸುಪಾಸು, ಮೇಲಿನ ಗಾಳಿ ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ. ಈ ಅಂತರದಿಂದಾಗಿ ಅಡಿಯ ಹಿಮ ಆವಿಯಾಗಿ ಮೇಲೇರುತ್ತ, ದಾರಿಯಲ್ಲೇ ಮತ್ತೆ ಹರಳುಗಟ್ಟುತ್ತದೆ. ಹೀಗೆ ಹುಟ್ಟುವ ಹರಳುಗಳು ದೊಡ್ಡವು, ಮೂಲೆ ಮೂಲೆಯಾದವು, ಒಂದಕ್ಕೊಂದು ಅಂಟುವುದಿಲ್ಲ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿಹೋಗುವ ಇದನ್ನು ಪರ್ವತಾರೋಹಿಗಳು ಸಕ್ಕರೆ ಹಿಮ ಎನ್ನುತ್ತಾರೆ. ಅದರ ಮೇಲೆ ಗಾಳಿ ಬಿಗಿದ ಚಪ್ಪಡಿಯೊಂದು ಕೂತಿತೆಂದರೆ ಬಲೆ ಸಿದ್ಧವಾದಂತೆಯೇ. ಚಪ್ಪಡಿಯ ಮೇಲೆ ಒಬ್ಬ ಕಾಲಿಟ್ಟರೂ ಸಾಕು, ಅಡಿಯ ಪದರ ಕುಸಿದು, ಬಿರುಕು ನೂರಾರು ಅಡಿ ಓಡಿ, ಇಡೀ ಹಾಳೆ ಜಾರುತ್ತದೆ.

ಇಂಥ ಚಪ್ಪಡಿ ಕುಸಿತ ನಡೆಯುವುದು ಬಹುಮಟ್ಟಿಗೆ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, ಅದಕ್ಕಿಂತ ಚಪ್ಪಟೆಯಾದಲ್ಲಿ ಜಾರುವುದು ಅಪರೂಪ. ಸ್ಕೀ ಮಾಡಲು ಎಲ್ಲಕ್ಕಿಂತ ಮಜಾ ಕೊಡುವ ಇಳಿಜಾರೂ ಇದೇ ಕೋನದ್ದು ಎಂಬುದು ದುರದೃಷ್ಟ. ಹಿಮಕುಸಿತಕ್ಕೆ ಸಿಕ್ಕಿ ಸತ್ತ ಸ್ಕೀಯರ್ ಮತ್ತು ಪರ್ವತಾರೋಹಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಪ್ರಕರಣದಲ್ಲಿ ಕುಸಿತವನ್ನು ಎಬ್ಬಿಸಿದವರು ಅವರೇ, ಇಲ್ಲವೇ ಅವರ ಜೊತೆಗಾರರು. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೋಲ ಹತ್ತಿ ಅಫರ್ವಟ್ ಬೆಟ್ಟದ ನೆತ್ತಿಗೆ ಹೋಗಿ, ಗುರುತು ಹಾಕಿದ ದಾರಿ ಬಿಟ್ಟು ಇಳಿಯುವ ವಿದೇಶಿ ಸ್ಕೀಯರುಗಳ ಸಂಖ್ಯೆ ದೊಡ್ಡದು. ಅಲ್ಲಿ 2023ರ ಫೆಬ್ರುವರಿ 1ರಂದು ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬ ಸತ್ತರು. ಇದು ಚಳಿಗಾಲದ ಅಪಾಯ: ಮೇಲೆ ನೋಡಿದರೆ ಏನೂ ಕಾಣದು, ಒಳಗೆ ಹುದುಗಿರುತ್ತದೆ.

ವಸಂತಕ್ಕೆ ಈ ಕಥೆಯೊಳಗೆ ನೀರು ಬರುತ್ತದೆ.

ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇ. 80ರಿಂದ 90ರಷ್ಟನ್ನು ಹಿಂದಕ್ಕೆ ತಳ್ಳುತ್ತದೆ. ಹಳತಾಗಿ, ತೇವವಾಗಿ, ಧೂಳು ಹತ್ತಿದ ಹಿಮ ತಳ್ಳುವುದು ಅರ್ಧದಷ್ಟನ್ನು ಮಾತ್ರ, ಉಳಿದದ್ದನ್ನು ನುಂಗುತ್ತದೆ. ಅದರ ಜೊತೆಗೆ ಹಿಮಾಲಯದ ಸೂರ್ಯನ ಎತ್ತರ ಬೇರೆ. ಏಪ್ರಿಲ್ ನಡುವಿನ ನಡುಹಗಲಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿದ್ದರೆ ಮನಾಲಿಯಲ್ಲಿ 67 ಡಿಗ್ರಿ ಮೇಲೆ. ಆಲ್ಪ್ಸ್‌ನಲ್ಲಿ ಬರೆದ ಪಾಠವನ್ನು ಇಲ್ಲಿಗೆ ಹಾಗೆಯೇ ತರುವವರು ಈ ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ಹನ್ನೆರಡಕ್ಕೆ ಆಗುವ ಕೆಲಸ ಇಲ್ಲಿ ಇನ್ನೂ ಮುಂಚೆಯೇ ಆಗಿಬಿಡಬಹುದು.

ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೌಲ್ ಶಾಖ ಬೇಕು. ಅಷ್ಟೇ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಅದಕ್ಕೇ ಮಾರ್ಚ್ ಪೂರ್ತಿ ಬಿಸಿಲು ಬಿದ್ದರೂ ಹಿಮ ಜಗ್ಗದು. ಆದರೆ ಒಳಗೊಳಗೇ ಬೆಚ್ಚಗಾಗುತ್ತಿರುತ್ತದೆ. ಒಂದು ದಿನ ಮೇಲಿನಿಂದ ನೆಲದವರೆಗೆ ಇಡೀ ರಾಶಿ ಸೊನ್ನೆ ಡಿಗ್ರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆಗೆ ಬಿದ್ದ ಬಿಸಿಲೆಲ್ಲ ನೇರವಾಗಿ ನೀರೇ. ಸ್ವಲ್ಪ ನೀರಿದ್ದರೆ ಹರಳುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಿಮದ ಗಾತ್ರದಲ್ಲಿ ಶೇ. 7-8ಕ್ಕಿಂತ ಹೆಚ್ಚು ನೀರು ತುಂಬಿತೋ, ಹರಳಿನಿಂದ ಹರಳಿಗಿದ್ದ ಬೆಸುಗೆ ಕರಗಿ ಹಿಡಿತ ತಪ್ಪುತ್ತದೆ.

ಹಿಮ ವಿಜ್ಞಾನಿಗಳು ಇದನ್ನು ಅಳೆಯಲು ಯಂತ್ರವನ್ನೇ ಹಿಡಿಯಬೇಕೆಂದಿಲ್ಲ. ಗ್ಲೌಸು ಹಾಕಿದ ಕೈಯಲ್ಲಿ ಒಂದು ಹಿಡಿ ಹಿಮ ತೆಗೆದುಕೊಂಡು ಮೆಲ್ಲಗೆ ಒತ್ತುತ್ತಾರೆ. ಉಂಡೆ ಕಟ್ಟದೆ ಉದುರಿದರೆ ಒಣ ಹಿಮ. ಉಂಡೆ ಕಟ್ಟಿದರೂ ನೀರು ಕಾಣದಿದ್ದರೆ ಹಸಿ. ಹರಳುಗಳ ನಡುವೆ ನೀರಿನ ಹೊಳಪು ಕಂಡರೂ ಹಿಂಡಿದಾಗ ಹನಿ ಬೀಳದಿದ್ದರೆ ತೇವ. ಸುಮ್ಮನೆ ಹಿಂಡಿದರೇ ನೀರು ತೊಟ್ಟಿಕ್ಕಿದರೆ ಬಲು ತೇವ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇರುವುದೂ ಇದೇ ಪರೀಕ್ಷೆ. ತೊಟ್ಟಿಕ್ಕುವ ಹಿಮದ ಕಡಿದಾದ ಇಳಿಜಾರಿನಲ್ಲಿ ಇರುವವರು ಗೈಡನ್ನು ಕೇಳುತ್ತ ಕೂರದೆ ಅಲ್ಲಿಂದ ಕಾಲು ಕೀಳಬೇಕು.

ಇನ್ನು ರಾತ್ರಿಯ ವಿಷಯ. ವಸಂತದ ಹಿಮದಲ್ಲಿ ಹಗಲಿಗಿಂತ ಹಿಂದಿನ ರಾತ್ರಿ ಮುಖ್ಯ ಎನ್ನಬೇಕು. ಮೋಡ ಕವಿದ ರಾತ್ರಿ ತಂಪಾಗಿರುತ್ತದೆ, ಹಿಮ ಚೆನ್ನಾಗಿ ಗಟ್ಟಿಯಾಗಿರುತ್ತದೆ ಎಂಬುದು ಬಯಲುಸೀಮೆಯವರ ಲೆಕ್ಕ. ನಿಜ ಇದಕ್ಕೆ ತಲೆಕೆಳಗು. ಹಿಮ ತನ್ನ ಶಾಖವನ್ನು ಸದಾ ಆಕಾಶಕ್ಕೆ ಬಿಟ್ಟುಕೊಡುತ್ತಿರುತ್ತದೆ. ಆಕಾಶ ನಿಚ್ಚಳವಾಗಿದ್ದು ಗಾಳಿ ಒಣಗಿದ್ದರೆ ಆ ಶಾಖ ಹೋದದ್ದು ಹೋಯಿತು. ಗಾಳಿಯ ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಹಿಮದ ಮೇಲ್ಮೈ ಹೆಪ್ಪುಗಟ್ಟುತ್ತದೆ. ಮೋಡವಿದ್ದರೆ ಅದು ಶಾಖವನ್ನು ಮರಳಿ ಕೆಳಕ್ಕೇ ಕಳಿಸುತ್ತದೆ. ಮೋಡ ಕವಿದ ರಾತ್ರಿ ಕಳೆದು ಬೆಳಗಾದಾಗ ಹಿಮ ನಿನ್ನೆ ಸಂಜೆ ಇದ್ದಷ್ಟೇ ಮೆತ್ತಗಿರುತ್ತದೆ. ಅಂಥ ದಿನದ ಕೆಡುಕು ಹನ್ನೊಂದಕ್ಕೆ ಶುರುವಾಗುವುದಿಲ್ಲ, ಮುಂಜಾನೆಯೇ ಶುರುವಾಗಿರುತ್ತದೆ. ಡೇರೆಯಿಂದ ಹೊರಬಂದು ನಕ್ಷತ್ರ ಕಾಣುತ್ತಿದೆಯೇ ಎಂದು ನೋಡುವ ಗೈಡು ಕವಿಯಾಗಿರಬೇಕಿಲ್ಲ.

ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಿದ್ದರೆ ಬೆಳಗು ಸೊಗಸು. ಬೂಟಿನಡಿ ಕಟ್ಟಿದ ಕ್ರಾಂಪಾನ್‌ನ ಉಕ್ಕಿನ ಹಲ್ಲು ಕರಕರ ಸದ್ದು ಮಾಡುತ್ತ ಕಚ್ಚಿಕೊಳ್ಳುತ್ತದೆ, ಹುಗಿಯದೆ ನಡೆಯಬಹುದು. ಬಿಸಿಲು ತಾಗಿ ಮೇಲಿನ ಒಂದೆರಡು ಅಂಗುಲ ಮಾತ್ರ ಹರಳು ಹರಳಾಗಿ ಬಿಟ್ಟುಕೊಂಡು ಅಡಿ ಗಟ್ಟಿಯಾಗಿರುವ ಹೊತ್ತೊಂದಿದೆ. ಸ್ಕೀಯರುಗಳು ಕಾರ್ನ್ ಎನ್ನುವ ಈ ಹಿಮಕ್ಕಾಗಿಯೇ ಯುರೋಪಿನವರು ಏಪ್ರಿಲ್‌ನಲ್ಲಿ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗಿನ ಓಟ್ ರೂಟ್ ಹಿಡಿಯುತ್ತಾರೆ. ಆ ದಾರಿಯ ಪರ್ವತ ಗುಡಿಸಲುಗಳಲ್ಲಿ ತಿಂಡಿ ಕೊಡುವುದು ಇನ್ನೂ ಕತ್ತಲಿರುವಾಗ. ಮಧ್ಯಾಹ್ನದ ಹೊತ್ತಿಗೆಲ್ಲ ಜನ ಮುಂದಿನ ಗುಡಿಸಲು ಸೇರಿ ಕಾಲು ಚಾಚಿರುತ್ತಾರೆ. ಆ ಸೊಗಸಿನ ಹೊತ್ತು ಉಳಿಯುವುದು ತಾಸೋ ಎರಡು ತಾಸೋ. ಆಮೇಲೆ ಬೂಟು ಕಣಕಾಲವರೆಗೆ ಇಳಿಯುತ್ತದೆ, ಇನ್ನೂ ತಡವಾದರೆ ಮೊಣಕಾಲವರೆಗೆ. ಇಳಿಜಾರಿನ ಮೇಲಿಂದ ಚಿಕ್ಕ ಚಿಕ್ಕ ಹಿಮದುಂಡೆಗಳು ಉರುಳುತ್ತ, ಉರುಳಿದಂತೆ ದಪ್ಪವಾಗುತ್ತ, ಹಿಂದೆ ಗೆರೆ ಬಿಟ್ಟು ಬರುತ್ತವೆ. ನೋಡಲು ಚಂದ, ಮಕ್ಕಳಿಗೆ ಖುಷಿ. ಬೆಟ್ಟದವರು ಮಾತ್ರ ಅದನ್ನು ಕಂಡಾಗ ಹೆಜ್ಜೆ ಬಿರುಸು ಮಾಡುತ್ತಾರೆ.

ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಮೊದಲು, ಆಮೇಲೆ ದಕ್ಷಿಣದ್ದಕ್ಕೆ, ಮೂರು ಗಂಟೆಗೆ ಪಶ್ಚಿಮದ್ದಕ್ಕೆ. ಉತ್ತರದ ಕಡೆ ಚಳಿಗಾಲದ ಒಣ ಚಪ್ಪಡಿಯ ಅಪಾಯವೇ ಇನ್ನೂ ಉಳಿದಿರಬಹುದು. ಇಲ್ಲಿ ಅನುಭವಿಗಳೂ ಎಡವುವುದು ಒಂದು ವಿಷಯದಲ್ಲಿ: ನಾವು ನೆರಳಲ್ಲಿದ್ದೇವೆ, ಕಾಲ ಕೆಳಗೆ ಹಿಮ ಗಟ್ಟಿಯಾಗಿದೆ, ಹಾಗಾಗಿ ಪರವಾಗಿಲ್ಲ ಎಂಬ ಭಾವನೆ. ತಲೆಯ ಮೇಲೆ ಸಾವಿರ ಅಡಿ ಎತ್ತರದ ಇಳಿಜಾರಿಗೆ ಎರಡು ತಾಸಿನಿಂದ ಬಿಸಿಲು ಬಡಿಯುತ್ತಿದ್ದರೆ ನಾಲಾದ, ಅಂದರೆ ಕಂದರದ, ತಳದ ನೆರಳಿಗೆ ಬೆಲೆಯಿಲ್ಲ. ಜಾರುವ ಹಿಮವೆಲ್ಲ ಬಂದು ಸೇರುವ ಜಾಗವೇ ಅದು. ದೇವದಾರು ಕಾಡಿನ ನಡುವೆ ಮೇಲಿಂದ ಕೆಳಗೆ ಮರವೇ ಇಲ್ಲದ ಪಟ್ಟಿಯೊಂದು ಕಂಡರೆ, ಭೂರ್ಜ ಮರಗಳೆಲ್ಲ ಇಳಿಜಾರಿನ ಕಡೆಗೇ ಬಾಗಿದ್ದರೆ, ಅದು ಹಿಮ ವರ್ಷ ವರ್ಷ ಬರುವ ದಾರಿ. ಡೇರೆ ಹಾಕಲು ಸಪಾಟಾದ ಜಾಗ ಸಿಕ್ಕಿತೆಂದು ಅಲ್ಲಿಯೇ ಮೊಳೆ ಹೊಡೆಯುವವರಿದ್ದಾರೆ.

ತೇವದ ಕುಸಿತ ಒಂದೇ ಬಗೆಯದಲ್ಲ. ಬಂಡೆಯ ಬುಡದಲ್ಲೋ ಮರದ ಬುಡದಲ್ಲೋ ಒಂದು ಬಿಂದುವಿನಲ್ಲಿ ಶುರುವಾಗಿ, ಕೆಳಗಿಳಿಯುತ್ತ ಅಗಲವಾಗುವುದು ಸಾಮಾನ್ಯ. ಬಂಡೆ ಬಿಸಿಲಿಗೆ ಕಾದು ಸುತ್ತಲ ಹಿಮವನ್ನು ಮೊದಲು ಸಡಿಲಿಸುತ್ತದೆ. ಇದರ ವೇಗ ಒಣ ಹಿಮದಷ್ಟಿಲ್ಲ. ಒಣ ಚಪ್ಪಡಿ ಗಂಟೆಗೆ ನೂರು ಕಿ.ಮೀ. ಸುಲಭವಾಗಿ ದಾಟುತ್ತದೆ, ಇದು ಅದರ ಅರ್ಧವೂ ಇರದೇ ಹೋಗಬಹುದು. ಆದರೆ ಭಾರ ನೋಡಿ: ಹತ್ತು ಮೀಟರ್ ಉದ್ದ, ಅಷ್ಟೇ ಅಗಲ, ಒಂದು ಮೀಟರ್ ದಪ್ಪದ ತೇವದ ಹಿಮ ತೂಗುವುದು ಸುಮಾರು ನಲವತ್ತು ಟನ್. ತಪ್ಪಿಸಿಕೊಳ್ಳಬಹುದು ಅನ್ನಿಸುವಷ್ಟು ನಿಧಾನ, ಕಾಲು ಸಿಕ್ಕಿತೆಂದರೆ ಬಿಡಿಸಿಕೊಳ್ಳಲಾಗದಷ್ಟು ಭಾರ. ಎರಡನೆಯದು ತೇವದ ಚಪ್ಪಡಿ. ಕರಗಿದ ನೀರು ಮೊದಲ ಸಲ ಒಳಗಿಳಿದು, ಚಳಿಗಾಲದಿಂದ ಹೂತಿದ್ದ ಆ ಸಕ್ಕರೆ ಹಿಮವನ್ನೋ ಗಟ್ಟಿ ಪದರವನ್ನೋ ಮುಟ್ಟಿ ಅಲ್ಲಿ ನಿಂತಾಗ, ಎರಡು ತಿಂಗಳು ಸುಮ್ಮನಿದ್ದ ಇಳಿಜಾರು ಒಮ್ಮೆಗೇ ಹೋಗುತ್ತದೆ. ಮುನ್ಸೂಚನೆ ಕೊಡುವವರಿಗೆ ಇದೇ ದೊಡ್ಡ ತಲೆನೋವು. ಹುಲ್ಲಿನ ನುಣುಪಾದ ನೆಲದ ಮೇಲೆ ಇಡೀ ರಾಶಿಯೇ ದಿನಕ್ಕಿಷ್ಟು ಎಂದು ಜರುಗುತ್ತ, ಮೇಲೆ ಬಿರುಕು ಬಿಟ್ಟು, ಯಾವತ್ತೋ ಒಂದು ದಿನ ಕಳಚಿಕೊಳ್ಳುವುದೂ ಉಂಟು. ಅದಕ್ಕೆ ಹೊತ್ತುಗೊತ್ತು ಇಲ್ಲ, ನಡುರಾತ್ರಿಯೂ ಬಂದೀತು. ಬಿರುಕಿನ ಕೆಳಗೆ ಊಟಕ್ಕೆ ಕೂರಬಾರದು, ಅಷ್ಟೇ.

ಹಿಮಕುಸಿತ ಎಂದರೆ ಶಿಖರ ಹತ್ತುವವರ ಸಮಸ್ಯೆ ಎಂದುಕೊಳ್ಳುವವರಿಗೆ ಸಿಕ್ಕಿಂನ ಉದಾಹರಣೆ ಸಾಕು. 2023ರ ಏಪ್ರಿಲ್ 4ರ ಹಗಲು, ಗ್ಯಾಂಗ್ಟಕ್‌ನಿಂದ ನಾಥು ಲಾಗೆ ಹೋಗುವ ಜವಾಹರಲಾಲ್ ನೆಹರೂ ರಸ್ತೆ. ಅವತ್ತು ಪ್ರವಾಸಿಗರಿಗೆ ಹದಿಮೂರನೇ ಮೈಲಿಯವರೆಗೆ ಮಾತ್ರ ಅನುಮತಿ. ಹಿಮದಲ್ಲಿ ಆಡುವ ಆಸೆಗೆ ಜನ ಹದಿನೈದನೇ ಮೈಲಿಯವರೆಗೂ ಹೋಗಿದ್ದರು. ಮೇಲಿಂದ ಹಿಮ ಬಂತು, ಏಳು ಜನ ಸತ್ತರು. ಕಾರಿನಿಂದಿಳಿದು ರಸ್ತೆ ಬದಿಯಲ್ಲಿ ನಿಂತಿದ್ದವರು ಅವರು. ಬೆನ್ನ ಮೇಲೆ ಚೀಲವಿರಲಿಲ್ಲ, ಕೈಯಲ್ಲಿ ಐಸ್ ಆಕ್ಸ್ ಇರಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 2021ರ ಏಪ್ರಿಲ್ 23ರಂದು, ಉತ್ತರಾಖಂಡದ ಚಮೋಲಿ ಜಿಲ್ಲೆಯ ಸುಮ್ನಾ ಬಳಿ ಗಡಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸೇನೆ 384 ಜನರನ್ನು ಉಳಿಸಿತು. ಅಲ್ಲಿ ಅದಕ್ಕೆ ಮೊದಲು ಕೆಲವು ದಿನ ಬಿಡದೆ ಮಳೆಯೂ ಹಿಮವೂ ಸುರಿದಿತ್ತು. ಬಿಸಿಲಿಗಿಂತ ವೇಗವಾಗಿ ಹಿಮವನ್ನು ಕೆಡಿಸಬಲ್ಲದ್ದು ಮಳೆಯೊಂದೇ.

ಹಾಗೆಂದು ಬೇಗ ಎದ್ದವರಿಗೆಲ್ಲ ಬೆಟ್ಟ ಒಲಿಯುತ್ತದೆ ಎಂದಲ್ಲ. ಗಡಿಯಾರ ಕಾಯದ ಅಪಾಯಗಳೂ ಇವೆ. 2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಖುಂಬು ಐಸ್‌ಫಾಲ್‌ನಲ್ಲಿ ಮೇಲಿನ ಹಿಮನದಿಯ ದೊಡ್ಡ ತುಂಡೊಂದು ಕಳಚಿ ಬಿದ್ದು 16 ನೇಪಾಳಿ ಕೆಲಸಗಾರರು, ಬಹುಪಾಲು ಶೆರ್ಪಾಗಳು, ಸತ್ತಾಗ ಇನ್ನೂ ಬೆಳಗಿನ ಏಳು ಗಂಟೆಯೂ ಆಗಿರಲಿಲ್ಲ. ನೇತಾಡುವ ಹಿಮನದಿ ಮುರಿಯುವುದು ಅದರ ಸ್ವಂತ ಲೆಕ್ಕದಲ್ಲಿ. ಅದರ ಕೆಳಗೆ ಬೇಗ ದಾಟುವುದೊಂದೇ ಉಪಾಯ.

ಕಾರ್ನಿಸ್ ಎನ್ನುವುದು ಇನ್ನೊಂದು. ಚಳಿಗಾಲವಿಡೀ ಗಾಳಿ ಒಂದೇ ಕಡೆಯಿಂದ ಬೀಸಿ ಪರ್ವತದ ಏಣಿನ ಆಚೆ ಬದಿಗೆ ಹಿಮವನ್ನು ಚಾಚಿ ನಿಲ್ಲಿಸಿರುತ್ತದೆ. ಮೇಲೆ ನಡೆಯುವವರಿಗೆ ಅದು ಅಗಲವಾದ ಬಿಳಿ ದಾರಿ; ಅಡಿಯಲ್ಲಿ ನೆಲವೇ ಇಲ್ಲ. 2019ರ ಮೇ ತಿಂಗಳ ಕೊನೆಯಲ್ಲಿ ನಂದಾದೇವಿ ಪೂರ್ವ ಶಿಖರದ ಬಳಿ, ಬ್ರಿಟನ್ನಿನ ಮಾರ್ಟಿನ್ ಮೊರಾನ್ ಮುಂದಾಳತ್ವದ ಎಂಟು ಮಂದಿ ಕಾಣೆಯಾದರು. ಏಳು ದೇಹಗಳನ್ನು ತಂದ ಇಂಡೊ-ಟಿಬೆಟನ್ ಗಡಿ ಪೊಲೀಸರಿಗೆ ಹಿಮದಲ್ಲಿ ಹೂತಿದ್ದ ಒಂದು ಕ್ಯಾಮೆರಾ ಸಿಕ್ಕಿತು. ಅದರಲ್ಲಿದ್ದ ಕೊನೆಯ ದೃಶ್ಯಗಳಲ್ಲಿ ಅವರು ಹಗ್ಗ ಕಟ್ಟಿಕೊಂಡು ಸಾಲಾಗಿ, ಒಳ್ಳೆಯ ಬಿಸಿಲಿನಲ್ಲಿ, ಅಂಥದ್ದೇ ಒಂದು ಏಣಿನ ಮೇಲೆ ಹೋಗುತ್ತಿದ್ದರು. ಅವರ ಭಾರಕ್ಕೆ ಕಾರ್ನಿಸ್ ಮುರಿದಿರಬೇಕು ಎಂಬ ತೀರ್ಮಾನಕ್ಕೆ ಶೋಧ ತಂಡ ಬಂತು. ಮೊರಾನ್ ದಶಕಗಳ ಅನುಭವದ ಗೈಡು.

ನಮ್ಮ ಕಡೆಯ ಚಾರಣಿಗರಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು ಹಿಮಸೇತುವೆ. ಚಳಿಗಾಲದಲ್ಲಿ ನಾಲಾಗಳೊಳಗೆ ಬಂದು ಬಿದ್ದ ಕುಸಿತದ ರಾಶಿ ಮೇ, ಜೂನ್‌ವರೆಗೂ ಹಾಗೆಯೇ ಇರುತ್ತದೆ. ಅಡಿಯಲ್ಲಿ ಹೊಳೆ ಅದನ್ನು ಕೊರೆಯುತ್ತ, ಮೇಲೆ ಬಿಸಿಲು ತೆಳು ಮಾಡುತ್ತ ಬರುತ್ತವೆ. ಮೊನ್ನೆ ಇಪ್ಪತ್ತು ಜನ ದಾಟಿದ ಸೇತುವೆ ಇವತ್ತು ಒಬ್ಬನನ್ನೂ ತಾಳದಿರಬಹುದು. ಹೆಜ್ಜೆ ಗುರುತು ಇದೆಯಲ್ಲ ಎಂಬುದು ಇಲ್ಲಿ ಸಾಕ್ಷಿಯಾಗುವುದಿಲ್ಲ. ಕೋಲಿನಿಂದ ಕುಟ್ಟಿ, ಟೊಳ್ಳು ಸದ್ದು ಬಂದರೆ ಸುತ್ತುಬಳಸಿ ಹೋಗುವುದೇ ಸರಿ.

ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ? ಸ್ವಿಟ್ಜರ್ಲೆಂಡಿನ ನಾಲ್ಕು ದಶಕದ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಪೂರ್ತಿ ಹೂತುಹೋದವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಹತ್ತರಲ್ಲಿ ಮೂವರು. ಹೆಚ್ಚಿನವರು ಸಾಯುವುದು ಪೆಟ್ಟಿನಿಂದಲ್ಲ, ಚಳಿಯಿಂದಲೂ ಅಲ್ಲ, ಉಸಿರುಕಟ್ಟಿ. ಹೆಲಿಕಾಪ್ಟರ್ ಹತ್ತು ನಿಮಿಷದಲ್ಲಿ ಬರುವುದಿಲ್ಲ. ಉಳಿಸಬೇಕಾದವರು ಜೊತೆಯಲ್ಲಿದ್ದವರೇ. ಅದಕ್ಕಾಗಿ ಹಿಮದ ದಾರಿ ಹಿಡಿಯುವ ಸ್ಕೀಯರುಗಳು ಮೈಗೆ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಬೀಕನ್ ಕಟ್ಟಿಕೊಂಡು, ಚುಚ್ಚಿ ನೋಡುವ ಉದ್ದನೆಯ ಕಡ್ಡಿ ಮತ್ತು ಲೋಹದ ಸಲಿಕೆ ಇಟ್ಟುಕೊಂಡಿರುತ್ತಾರೆ. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ದಂಡ. ತೇವದ ಹಿಮವಂತೂ ನಿಂತ ಕ್ಷಣಕ್ಕೆ ಬಿಗಿದುಕೊಳ್ಳುತ್ತದೆ, ಬರಿಗೈಯಲ್ಲಿ ಬಗೆಯಲಾಗದು. ನಮ್ಮಲ್ಲಿ ಬೇಸಿಗೆಯ ಹಿಮ ಚಾರಣಕ್ಕೆ ಹೋಗುವ ಗುಂಪುಗಳಲ್ಲಿ ಈ ಮೂರೂ ಕಾಣುವುದು ಅಪರೂಪ. ಕ್ರಾಂಪಾನ್ ಬಾಡಿಗೆಗೆ ಕೊಡುವವರು ಸಲಿಕೆಯ ಮಾತೇ ಎತ್ತುವುದಿಲ್ಲ.

ಕನ್ನಡಿಗರಿಗೆ ಈ ವಿಷಯ ಬಂದಾಗ ನೆನಪಾಗುವ ಹೆಸರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಸೋನಂ ನೆಲೆಯ ಮೇಲೆ ಹಿಮದ ಗೋಡೆ ಬಿದ್ದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಹಾಸನ, ಮೈಸೂರು ಜಿಲ್ಲೆಯವರೂ ಇದ್ದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಆರನೇ ದಿನ ಜೀವಂತ ಸಿಕ್ಕರು, ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅರ್ಧ ಗಂಟೆಯ ಲೆಕ್ಕ ಹೇಳಿದ ಮೇಲೆ ಆರು ದಿನ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಗಾಳಿ. ಡೇರೆಯೊಳಗೆ ಅವರ ಸುತ್ತ ಉಸಿರಾಡುವಷ್ಟು ಜಾಗ ಉಳಿದಿತ್ತು. 2025ರ ಫೆಬ್ರುವರಿ 28ರಂದು ಬದರಿನಾಥದ ಆಚೆಯ ಮಾಣಾ ಬಳಿ ಗಡಿ ರಸ್ತೆ ಸಂಸ್ಥೆಯ 54 ಕಾರ್ಮಿಕರು ಹಿಮಕ್ಕೆ ಸಿಕ್ಕಾಗಲೂ 46 ಮಂದಿ ಬದುಕಿದ್ದಕ್ಕೆ ಅವರು ಮಲಗುತ್ತಿದ್ದ ಉಕ್ಕಿನ ಕಂಟೇನರುಗಳು ದೊಡ್ಡ ಕಾರಣ. ಬಯಲಲ್ಲಿ ನಡೆಯುತ್ತಿರುವ ಚಾರಣಿಗನಿಗೆ ಕಂಟೇನರೂ ಇಲ್ಲ, ಡೇರೆಯೂ ಇಲ್ಲ.

ಮುನ್ಸೂಚನೆ ಕೊಡುವವರು ನಮ್ಮಲ್ಲಿ ಇಲ್ಲದಿಲ್ಲ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಸಾಸೆ ಎಂಬ ಹಿಮ ಅಧ್ಯಯನ ಸಂಸ್ಥೆ 2020ರಲ್ಲಿ ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯದೊಡನೆ ಕೂಡಿ ಡಿಜಿಆರ್‌ಇ ಆಗಿದೆ, ಕೇಂದ್ರ ಕಚೇರಿ ಚಂಡೀಗಢದಲ್ಲಿ. ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಿಗೆ ಅದು ಅಪಾಯದ ಮಟ್ಟವನ್ನು ಸೂಚಿಸುತ್ತದೆ. ಮುಖ್ಯವಾಗಿ ಸೇನೆಗಾಗಿ, ರಸ್ತೆಗಳಿಗಾಗಿ ಹುಟ್ಟಿದ ವ್ಯವಸ್ಥೆ ಇದು. ಅದರ ಅಗತ್ಯವನ್ನು ಲಾಹೌಲ್‌ನವರಿಗೆ ವಿವರಿಸಬೇಕಿಲ್ಲ. 1979ರ ಮಾರ್ಚ್‌ನಲ್ಲಿ ಅಲ್ಲಿ ಸಾಲು ಸಾಲು ಕುಸಿತಗಳಿಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಆದರೆ ಜಿಲ್ಲೆ, ಎತ್ತರ, ಮುಂದಿನ ಇಪ್ಪತ್ತನಾಲ್ಕು ತಾಸು ಎಂದು ಹೇಳುವ ಸೂಚನೆಯಿಂದ ಒಂದು ಕಣಿವೆಯ ಒಂದು ಇಳಿಜಾರು ಹನ್ನೊಂದು ಗಂಟೆಗೆ ಹೇಗಿರುತ್ತದೆಂದು ತಿಳಿಯದು. ಸ್ವಿಟ್ಜರ್ಲೆಂಡಿನ ದಾವೋಸ್‌ನ ಹಿಮ ಅಧ್ಯಯನ ಸಂಸ್ಥೆ ವಸಂತದಲ್ಲಿ ಬೆಳಗಿನ ಅಪಾಯ ಇಷ್ಟು, ಹಗಲೇರಿದಂತೆ ಇಷ್ಟಕ್ಕೆ ಏರುತ್ತದೆ ಎಂದು ಬೇರೆ ಬೇರೆ ಹೇಳುತ್ತದೆ. ಒಂದರಿಂದ ಐದರವರೆಗಿನ ಅದರ ಅಪಾಯದ ಮಾಪನದಲ್ಲಿ ಹೆಚ್ಚು ಜನ ಸಾಯುವುದು ಐದರಲ್ಲಲ್ಲ, ಮೂರರಲ್ಲಿ. ಐದಿದ್ದರೆ ಯಾರೂ ಮನೆ ಬಿಡುವುದಿಲ್ಲ. ಮೂರು ಎಂದರೆ ಅರ್ಧಕ್ಕರ್ಧ ಪರವಾಗಿಲ್ಲ ಎಂದು ಜನ ಓದಿಕೊಳ್ಳುತ್ತಾರೆ.

ಕೇದಾರನಾಥಕ್ಕೆ ಹೋಗುವವರು ಇದನ್ನೆಲ್ಲ ಕಣ್ಣಾರೆ ಕಾಣಬಹುದು. ಆ ದೇವಸ್ಥಾನದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವರು. ಇಲ್ಲಿಂದ ಹೋಗುವ ಯಾತ್ರಿಗಳೂ ಕಡಿಮೆಯಿಲ್ಲ. ಲಿಂಚೋಲಿ ದಾಟಿದ ಮೇಲೆ ಭೈರವ, ಕುಬೇರ ಎಂಬ ಗದೇರಾಗಳಲ್ಲಿ, ಅಂದರೆ ತೊರೆಗಳ ಕಂದರಗಳಲ್ಲಿ, ಚಳಿಗಾಲದ ಕುಸಿತದ ರಾಶಿಯನ್ನು ಕೊರೆದು ದಾರಿ ಮಾಡಿರುತ್ತಾರೆ. ಎರಡೂ ಕಡೆ ಆಳೆತ್ತರದ ಕೊಳಕು ಬಿಳಿ ಗೋಡೆ, ಅದರಲ್ಲಿ ಕಲ್ಲು, ಮುರಿದ ಕೊಂಬೆ. 2023ರ ಮೇ ಆರಂಭದಲ್ಲಿ ಅಲ್ಲಿ ಮತ್ತೆ ಹಿಮ ಬಂದು ದಾರಿ ಮುಚ್ಚಿ ಯಾತ್ರೆ ನಿಲ್ಲಿಸಬೇಕಾಯಿತು. ಆ ಗೋಡೆಗೆ ಒರಗಿ ಸೆಲ್ಫಿ ತೆಗೆದುಕೊಳ್ಳುವವರನ್ನು ಪೊಲೀಸರು ಗದರಿಸಿ ಮುಂದೆ ಕಳಿಸುತ್ತಾರೆಂದರೆ ಅದು ದರ್ಪವಲ್ಲ.

ಬೆಟ್ಟ ಬಿಸಿಯಾಗುತ್ತಿರುವುದರಿಂದ ಇದೆಲ್ಲ ಕಡಿಮೆಯಾಗುತ್ತದೆಯೇ, ಹೆಚ್ಚಾಗುತ್ತದೆಯೇ? ಹಿಮ ಕಡಿಮೆಯಾದರೆ ಕುಸಿತವೂ ಕಡಿಮೆ ಎನ್ನಿಸುವುದು ಸಹಜ. ಮನಾಲಿ ಬಳಿಯ ಒಂದು ಇಳಿಜಾರಿನ ಮರಗಳ ಬೆಳವಣಿಗೆಯ ಉಂಗುರಗಳನ್ನು ಓದಿ, ಸುಮಾರು ನೂರೈವತ್ತು ವರ್ಷಗಳ ಕುಸಿತದ ಚರಿತ್ರೆಯನ್ನು ಕಟ್ಟಿದ ವಿಜ್ಞಾನಿಗಳು 2018ರಲ್ಲಿ ಬೇರೆಯೇ ಹೇಳಿದರು. ಹಿಮ ಬಡಿದ ವರ್ಷ ಮರದಲ್ಲಿ ಗಾಯ ಉಳಿಯುತ್ತದೆ. ಆ ಗಾಯಗಳು ಇತ್ತೀಚಿನ ದಶಕಗಳಲ್ಲಿ ಹೆಚ್ಚಿವೆ. ಚಳಿಗಾಲದ ಕೊನೆ, ವಸಂತದ ಆರಂಭದಲ್ಲಿ ಗಾಳಿ ಬೆಚ್ಚಗಾಗಿ ಹಿಮ ಬೇಗ ತೇವವಾಗುವುದೇ ಇದಕ್ಕೆ ಕಾರಣವೆಂದು ಅವರ ವಿವರಣೆ. ಮೇ ತಿಂಗಳ ಹಿಮಕ್ಕೆ ಹೇಳುತ್ತಿದ್ದ ಎಚ್ಚರಿಕೆಯನ್ನು ಮಾರ್ಚ್‌ಗೂ ಹೇಳಬೇಕಾದ ದಿನ ಬಂದಿದೆ.

ಕುಸಿತವೇ ಆಗಬೇಕೆಂದೂ ಇಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಕರ್ನಾಟಕದ ಒಂಬತ್ತು ಚಾರಣಿಗರು ಪ್ರಾಣ ಬಿಟ್ಟದ್ದು ಹಿಮಗಾಳಿಯಲ್ಲಿ ಸಿಕ್ಕಿ, ಶಿಬಿರಕ್ಕೆ ಮರಳಲಾಗದೆ. ಅದೂ ಬಿಸಿಲಿನ ತಿಂಗಳೇ. ಮಧ್ಯಾಹ್ನ ಕಳೆದ ಮೇಲೆ ಎತ್ತರದಲ್ಲಿ ಇರಬಾರದು ಎಂಬುದಕ್ಕೆ ಹಿಮ ಮೆತ್ತಗಾಗುವುದರ ಜೊತೆಗೆ ಹವೆಯ ಕಾರಣವೂ ಇದೆ. ಹಿಮಾಲಯದಲ್ಲಿ ಬೆಳಿಗ್ಗೆ ನಿಚ್ಚಳವಾಗಿದ್ದ ಆಕಾಶ ಎರಡು ಗಂಟೆಯ ಮೇಲೆ ಕಟ್ಟಿಕೊಳ್ಳುವುದು ನಿತ್ಯದ ಸಂಗತಿ.

ಹಾಗಾಗಿ ಒಳ್ಳೆಯ ಗೈಡುಗಳು ಹೊರಡುವ ಹೊತ್ತಿನಂತೆ ವಾಪಸಾಗುವ ಹೊತ್ತನ್ನೂ ಮೊದಲೇ ಗೊತ್ತು ಮಾಡಿರುತ್ತಾರೆ. ಹತ್ತೂವರೆಗೆ ಕಣಿವೆಯ ತಲೆ ಮುಟ್ಟಲಿಲ್ಲವೋ, ಅದು ಇನ್ನೂರು ಮೀಟರ್ ದೂರದಲ್ಲೇ ಇರಲಿ, ಹಿಂದಕ್ಕೆ. ಜಗಳ ಹತ್ತುವುದೇ ಅಲ್ಲಿ. ಅಷ್ಟು ದುಡ್ಡು ಕೊಟ್ಟಿದ್ದೇವೆ, ರಜೆ ಹಾಕಿ ಬಂದಿದ್ದೇವೆ, ಪಕ್ಕದ ಗುಂಪಿನವರು ಹೋಗುತ್ತಿದ್ದಾರಲ್ಲ, ಇವನಿಗೇನು ಧಾಡಿ ಎಂಬ ಮಾತು ಕನ್ನಡದಲ್ಲಿಯೇ ಕೇಳಿಬರುತ್ತದೆ. ಊರಿಗೆ ಬಂದ ಮೇಲೆ ಕಂಪನಿಗೆ ಒಂದು ಸ್ಟಾರ್ ಕೊಟ್ಟು ರೀಫಂಡ್ ಕೇಳುವವರೂ ಇದ್ದಾರೆ. ಅದರ ಬದಲು ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳುವುದು ವಾಸಿ: ಕಣಿವೆ ದಾಟುವ ದಿನ ಎಷ್ಟು ಹೊತ್ತಿಗೆ ಬಿಡುತ್ತೀರಿ, ಎಷ್ಟು ಹೊತ್ತಿಗೆ ಹಿಂದಿರುಗುತ್ತೀರಿ, ರಾತ್ರಿ ಮೋಡವಿದ್ದರೆ ಏನು ಮಾಡುತ್ತೀರಿ, ಕಾಯಲು ಒಂದು ಬಫರ್ ದಿನ ಇಟ್ಟಿದ್ದೀರಾ, ಗುಂಪಿನಲ್ಲಿ ಸಲಿಕೆ ಎಷ್ಟು. ಆ ಕಡೆಯವರು ತಡವರಿಸಿದರೆ ಅದೇ ದುಡ್ಡಿಗೆ ಅದೇ ಕಣಿವೆಗೆ ಕರೆದೊಯ್ಯುವವರು ಬೇರೆಯವರಿದ್ದಾರೆ.